ನಮ್ಮವರು ಉತ್ತರ ಕೊಡುತ್ತಿಲ್ಲ

ಕಂಪ್ಯೂಟರಿನ ಮುಂದೆ ಕೂತು ನಗೆಪಾಟಲಾಗದೆ ಎದ್ದ ದಿನ ನನ್ನ ದಾಖಲೆ ಪುಸ್ತಕದಲ್ಲಿ ಒಂದೂ ಇಲ್ಲ. ಪುಟ ತಿರುಗಿಸಿ ನೋಡಿಯೇ ಹೇಳುತ್ತಿದ್ದೇನೆ.

ದಾಖಲೆ ಪುಸ್ತಕ ನನ್ನ ಹಳೆಯ ಅಭ್ಯಾಸ. ಸಿಲಿಂಡರ್ ಬದಲಾಯಿಸಿದ ದಿನ, ಉಪ್ಪಿನಕಾಯಿ ಭರಣಿ ತೆರೆದ ದಿನ, ಯಾವ ಮೊಮ್ಮಗಳ ಯಾವ ಹಲ್ಲು ಎಂದು ಬಿತ್ತು, ಎಲ್ಲಕ್ಕೂ ಸಾಲು ಎಳೆದು ಬರೆದಿಟ್ಟಿದ್ದೇನೆ. ಗಣಿತ ಓದಿ ಬಿ.ಎಸ್ಸಿ. ಮಾಡಿದವಳು ನಾನು, ಮೊದಲ ದರ್ಜೆ. ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಿಬ್ಬರು, ಒಬ್ಬಳು ಆರ್.ಟಿ. ನಗರದಲ್ಲಿ, ಇನ್ನೊಬ್ಬಳು ಯಲಹಂಕದಲ್ಲಿ. ಇಬ್ಬರೂ ನನ್ನನ್ನು ಕೇಳದೆ ಮಿಕ್ಸಿ ಕೂಡ ಕೊಳ್ಳುವುದಿಲ್ಲ.

ನಮ್ಮವರ ಮೇಲೂ ಒಂದು ದಾಖಲೆ ಇತ್ತು. ಅವರನ್ನು ಯಾವುದಕ್ಕೆ ಕರೆದರೂ "ಬಂದೆ, ಎರಡು ನಿಮಿಷ" ಎನ್ನುತ್ತಿದ್ದರು. ಒಂದು ಬೇಸಿಗೆ ಪೂರ್ತಿ ಆ ಎರಡು ನಿಮಿಷವನ್ನು ಗಡಿಯಾರ ನೋಡಿ ಬರೆದೆ. ಸರಾಸರಿ ಮೂವತ್ನಾಲ್ಕು ನಿಮಿಷ ಬಂತು. ಪುಸ್ತಕ ತೆಗೆದುಕೊಂಡು ಹೋಗಿ ಮುಂದೆ ಹಿಡಿದೆ. "ನೋಡ್ತೀನಿ ಕಣೆ, ಎರಡು ನಿಮಿಷ" ಎಂದರು.

ಜಾಲಹಳ್ಳಿಯ ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಅವರು ನಮ್ಮ ಮತ್ತಿಕೆರೆ ಮನೆಯ ಸಣ್ಣ ಕೋಣೆಯಲ್ಲಿ ಒಂದು ಲಿನಕ್ಸ್ ಸರ್ವರ್ ಕಟ್ಟಿದ್ದರು. ಹೆದರಬೇಡಿ, ಹೋಟೆಲಿನಲ್ಲಿ ಕೇಳಿದ್ದನ್ನು ತಂದುಕೊಡುವವರು ಸರ್ವರ್ ಅಲ್ಲವೇ? ಇದೂ ಹಾಗೇ. ಮನೆಯ ಯಾವ ಫೋನಿನಿಂದ ಕೇಳಿದರೂ ತನ್ನೊಳಗಿರುವ ಫೈಲನ್ನು ತಂದುಕೊಡುವ ಯಂತ್ರ. ದಿನಾ ಸಂಜೆ ಏಳಕ್ಕೆ ಆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಮೈಕಿನ ಮುಂದೆ ಏನೋ ಮಾತಾಡಿ ಅದನ್ನು ಅದರಲ್ಲಿ ಹಾಕುತ್ತಿದ್ದರು. "ನೀನು ಬರೀತೀಯ, ನಾನು ಮಾತಾಡ್ತೀನಿ. ಯಾರ ದಾಖಲೆ ಹೆಚ್ಚು ದಿನ ಇರುತ್ತೋ ನೋಡೋಣ" ಎನ್ನುತ್ತಿದ್ದರು. ನಾನು ಒಂದನ್ನೂ ಕೇಳಿರಲಿಲ್ಲ. ಮಾತಾಡುವವರೇ ಮನೆಯಲ್ಲಿರುವಾಗ ಯಂತ್ರದಲ್ಲಿ ಯಾಕೆ ಕೇಳಲಿ?

ಹೋದ ವರ್ಷ ಅವರು ತೀರಿಕೊಂಡರು. ಮೂರು ತಿಂಗಳಿಗೆ ಅವರ ಯಂತ್ರವೂ ಕಣ್ಣು ಮುಚ್ಚಿತು. ಒಳಗಿನ ಡಿಸ್ಕ್ ಮಾತ್ರ ಚೆನ್ನಾಗಿದೆ ಎಂದು ಅಂಗಡಿಯವನು ತೆಗೆದು ಕೈಗೆ ಕೊಟ್ಟ.

ಹಾಗೇ ಕೈಯಲ್ಲಿ ಇಟ್ಟುಕೊಂಡಿರುತ್ತಿದ್ದೆನೋ ಏನೋ. ನಮ್ಮವರ ಅಕ್ಕ ನನ್ನ ಜೊತೆಯಲ್ಲೇ ಇದ್ದಾರೆ. ಎಂಬತ್ತು ದಾಟಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಇಳಿಯುತ್ತಿದೆ, ಮೆಷೀನ್ ಹಾಕಿದರೂ ಹೆಚ್ಚು ಕಾಲ ಕೇಳಿಸೀತು ಎಂದು ಹೇಳಲಾಗದು ಎಂದು ಹೆಬ್ಬಾಳದ ಡಾಕ್ಟರು ಹೇಳಿ ಕಳಿಸಿದರು. ಆಟೋದಲ್ಲಿ ಬರುವಾಗ ಅಕ್ಕ ಒಂದೇ ಮಾತು ಹೇಳಿದರು: "ಕಿವಿ ಹೋಗೋ ಮುಂಚೆ ಪುಟ್ಟನ ಧ್ವನಿ ಒಂದ್ಸಲ ಕೇಳಿಸ್ತೀಯೇನೆ?"

ಪುಟ್ಟ ಅಂದರೆ ನಮ್ಮವರು. ಎಪ್ಪತ್ತೆರಡಾದರೂ ಅಕ್ಕನಿಗೆ ಅವರು ಪುಟ್ಟನೇ.

ಸರ್ವರನ್ನು ಮತ್ತೆ ಕಟ್ಟುವುದು ಹೇಗೆ ಎಂದು ನಮ್ಮವರು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಕೊನೆಗೆ ಎರಡು ಸಾಲು: "ನಿನ್ನ ಕೈಲಿ ಆಗುತ್ತೆ. ಆಗದಿದ್ದರೆ ಯಾರ ಹತ್ತಿರವೂ ಒಪ್ಪಿಕೊಳ್ಳಬೇಡ." ಯಶವಂತಪುರದ ಹಳೇ ಕಂಪ್ಯೂಟರ್ ಅಂಗಡಿಯಿಂದ ಒಂದು ಡಬ್ಬಿ ತರಿಸಿ ಶುರು ಮಾಡಿದೆ.

ಹೆಸರು ಹೇಳಿ

ಲಿನಕ್ಸ್ ಅಂದರೆ ಯಂತ್ರ ನಡೆಸುವ ತಂತ್ರಾಂಶ. ಅದನ್ನು ಹಾಕುವಾಗ ಬಣ್ಣದ ಚಿತ್ರಗಿತ್ರ ಏನೂ ಬರುವುದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಸ್ಲೇಟು ಹಿಡಿದು ಬೆಳೆದ ನನಗೆ ಅದೇ ಸಲೀಸು. ಭಾಷೆ ಯಾವುದು ಅಂತ ಕೇಳಿತು, ಹೇಳಿದೆ. ಕೀಲಿಮಣೆ ಯಾವುದು ಅಂತ ಕೇಳಿತು, ಹೇಳಿದೆ. ಆಮೇಲೆ ಈ ಯಂತ್ರಕ್ಕೆ ಹೆಸರೇನು ಅಂತ ಕೇಳಿತು.

ಪಕ್ಕದಲ್ಲಿ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಟೀಚರಮ್ಮ ಕೂತಿದ್ದಳು. ಗದಗಿನ ಕಡೆಯವಳು, ತಾಯಿಯ ಜೊತೆ ಇದ್ದಾಳೆ, ಇಲ್ಲೇ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದಲ್ಲಿ ಪಾಠ ಮಾಡುತ್ತಾಳೆ.

"ಮೊದಲಿನ ಮಷೀನಿಗೆ ಸರ್ ಏನ್ ಹೆಸರಿಟ್ಟಿದ್ರ್ರೀ?"

"ಅವರ ಹೆಸರನ್ನೇ ಇಟ್ಟಿದ್ರು."

"ಹಂಗಾರ ಅದನ್ನ ಹೇಳ್ರಿ, ನಾ ಟೈಪ್ ಮಾಡ್ತೀನಿ."

ನಲವತ್ತಾರು ವರ್ಷದ ಸಂಸಾರದಲ್ಲಿ ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬಿ.ಎಸ್ಸಿ. ಓದಿದ್ದು ಬೇರೆ, ಇದು ಬೇರೆ. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಅವರ ಗುರುತಿನ ಚೀಟಿಯನ್ನು ಮುಂದೆ ತಳ್ಳುತ್ತಿದ್ದೆ. ಒಂದು ಸಲ ಚೀಟಿ ಮನೆಯಲ್ಲೇ ಉಳಿದು, ಕೌಂಟರಿನವನಿಗೆ ಗೋಡೆಯ ಮೇಲಿನ ದೇವರ ಕ್ಯಾಲೆಂಡರ್ ತೋರಿಸಿ "ಅವರೇ" ಎಂದಿದ್ದೆ. ಅದರಲ್ಲಿ ನಾಲ್ಕು ದೇವರಿದ್ದರು.

"ಬರ್ದು ತೋರಿಸ್ರಿ ಮತ್ತ" ಎಂದಳು ಟೀಚರಮ್ಮ.

"ಬರೆದರೆ ದಿನಾ ಓದಬೇಕಲ್ಲಮ್ಮ. 'ನಮ್ಮವರು' ಅಂತ ಹಾಕು."

ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಹಾಕಿದಳು. ಯಂತ್ರ ಒಪ್ಪಿತು. ದೊಡ್ಡಕ್ಷರ ಬೇಡ, ಮಧ್ಯೆ ಖಾಲಿ ಜಾಗ ಬೇಡ ಅಂತ ಮಾತ್ರ ಎಚ್ಚರಿಸಿತು. ಅಷ್ಟರಲ್ಲಿ ಅಕ್ಕ ಕಾಫಿ ಲೋಟ ಹಿಡಿದು ಬಂದು, ಹೊಸ ಡಬ್ಬಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನಾ ನಿಮ್ಮವರು?"

"ಹೂಂ ಅಕ್ಕ."

"ಸ್ವಲ್ಪ ಸಣ್ಣಗಾಗಿದಾನೆ."

ಬೊಟ್ಟು

ಮುಂದಿನ ಹೆಜ್ಜೆ ವೈರು. ಇಂಟರ್ನೆಟ್ಟಿನವರು ಈಚೆಗೆ ಹೊಸದಾಗಿ ಕೊಟ್ಟ, ಮನೆಗೆಲ್ಲ ಇಂಟರ್ನೆಟ್ ಹಂಚುವ ರೂಟರ್ ಡಬ್ಬಿಯಿಂದ ಒಂದು ವೈರು ಎಳೆದು ನಮ್ಮವರ ಬೆನ್ನಿಗೆ ಸಿಕ್ಕಿಸಬೇಕು. ಸಿಕ್ಕಿಸಿದಲ್ಲಿ ಹಸಿರು ದೀಪ ಹತ್ತಬೇಕು ಎಂದು ಹಾಳೆಯಲ್ಲಿ ಬರೆದಿತ್ತು. ಹತ್ತಲಿಲ್ಲ.

ವೈರು ಬದಲಾಯಿಸಿದೆ. ರೂಟರಿನ ನಾಲ್ಕು ತೂತಿಗೂ ಹಾಕಿ ನೋಡಿದೆ. ಪ್ರತಿ ಸಲವೂ ಸಮಯ, ಏನು ಮಾಡಿದೆ, ಏನಾಯಿತು ಎಂದು ಪುಸ್ತಕದಲ್ಲಿ ಬರೆದೆ. ಹನ್ನೊಂದು ಸಾಲಾಯಿತು. ಟೀಚರಮ್ಮ ಕಾಲೇಜಿನಿಂದ ಬಂದವಳು ಲಿಂಕು, ಡ್ರೈವರು, ಕಾರ್ಡು ಎಂದು ಅರ್ಧ ಗಂಟೆ ಪಾಠ ಮಾಡಿದಳು. ಚೆನ್ನಾಗಿ ಮಾಡಿದಳು. ದೀಪ ಮಾತ್ರ ಹತ್ತಲಿಲ್ಲ.

"ನೀನೇ ಒಂದು ಸಲ ಹಿಂದೆ ಬಗ್ಗಿ ನೋಡಮ್ಮ" ಎಂದೆ.

"ನಾ ಪಾಠ ಹೇಳ್ತೀನ್ರಿ ಅಮ್ಮಾರ. ಮಷೀನ್ ಮುಟ್ಟೂದು ಲ್ಯಾಬಿನವ್ರು."

ಕೊನೆಗೆ ನಾನೇ ಕನ್ನಡಕ ಏರಿಸಿ, ಟಾರ್ಚು ಹಿಡಿದು ಬಗ್ಗಿದೆ. ವೈರು ಸಿಕ್ಕಿಸುವ ತೂತಿನೊಳಗೆ ಸಾಲಾಗಿ ಎಂಟು ಚಿನ್ನದ ಬಣ್ಣದ ಎಳೆ ಇರಬೇಕು. ಅಲ್ಲಿ ಕೆಂಪಗೆ, ಒಣಗಿ ಗಟ್ಟಿಯಾದದ್ದು ಏನೋ ಮೆತ್ತಿಕೊಂಡಿತ್ತು. ಕುಂಕುಮ. ನೀರಲ್ಲಿ ಚೆನ್ನಾಗಿ ಕಲಸಿದ ಕುಂಕುಮ.

"ಅಕ್ಕಾ!"

ಅಕ್ಕನಿಗೆ ಕೇಳಿಸಲಿಲ್ಲ. ಬಲಗಿವಿಯ ಹತ್ತಿರ ಹೋಗಿ ಕೂಗಿದೆ.

"ಹೊಸ ಮೆಷೀನು ಮನೆಗೆ ಬಂದ್ರೆ ಬೊಟ್ಟಿಡಬೇಡ್ವೇನೆ?" ಎಂದರು ಅಕ್ಕ, ಒಂದಿಷ್ಟೂ ಅಳುಕದೆ. "ನೀನು ಬಿ.ಎಸ್ಸಿ., ನಿನಗೆ ನೆನಪಾಗಲಿಲ್ಲ. ನಾನಿಟ್ಟೆ."

"ಅಲ್ಯಾಕೆ ಇಟ್ರಿ?"

"ಹಣೆ ಯಾವ ಕಡೆ ಅಂತ ಗೊತ್ತಾಗಲಿಲ್ಲ. ಅಲ್ಲೊಂದು ಪುಟ್ಟ ಗೂಡು ಇತ್ತು. ದೀಪದ ಗೂಡು ಅಂದ್ಕೊಂಡೆ."

ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಸ್ಪಿರಿಟ್ ಹಚ್ಚಿ, ಒಣಗಿಸಿ ವೈರು ಹಾಕಿದೆ. ಹಸಿರು ದೀಪ ಹತ್ತಿತು. ಅಕ್ಕ ಕೈ ಮುಗಿದು ನನ್ನ ಕಡೆ ತಿರುಗಿ ಹೇಳಿದರು: "ನೋಡು, ದೀಪದ ಗೂಡೇ."

ಒಂದು ರಿಂಗು

ದೀಪ ಹತ್ತಿದರೆ ಮುಗಿಯಲಿಲ್ಲ. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಸಾಮಾನ್ಯವಾಗಿ ರೂಟರೇ ತನ್ನಿಷ್ಟದ ನಂಬರನ್ನು ಎಲ್ಲರಿಗೂ ಹಂಚುತ್ತದೆ. ನಮ್ಮವರ ಹಾಳೆಯಲ್ಲಿ ಮಾತ್ರ ವಿಳಾಸದ ಕೊನೆಗೆ 142 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿತ್ತು.

"ನೂರಾ ನಲವತ್ತೆರಡಽ ಯಾಕ್ರೀ? ಬ್ಯಾರೆ ಕೊಡೂಣಲ್ಲ?" ಎಂದಳು ಟೀಚರಮ್ಮ.

"ಬೇರೆ ಆಗಲ್ಲ. ಅದು ಅವರ ಫ್ಯಾಕ್ಟರಿ ಟೋಕನ್ ನಂಬರು."

ಮೂವತ್ತನಾಲ್ಕು ವರ್ಷ ಆ ಹಿತ್ತಾಳೆ ಬಿಲ್ಲೆಯನ್ನು ಅವರ ಷರ್ಟಿನ ಜೇಬಿನಿಂದ ತೆಗೆದು ಷರ್ಟು ಒಗೆಯಲು ಹಾಕಿದ್ದೇನೆ. ಬೇರೆ ನಂಬರು ಕೊಟ್ಟರೆ ಬರುವವರು ಯಾರೋ ಏನೋ.

ಆ ನಂಬರನ್ನು ಕೈಯಾರೆ ಒಂದು ಫೈಲಿನಲ್ಲಿ ಬರೆದದ್ದಾಯಿತು. ಈಗ ಲ್ಯಾಪ್‌ಟಾಪಿನಿಂದ ಪಿಂಗ್ ಮಾಡಿ ನೋಡಬೇಕು ಎಂದಳು.

"ಪಿಂಗ್ ಅಂದ್ರೆ?"

"ಮಾತಾಡೂದಿಲ್ರಿ. ಇದೀಯೇನು ಅಂತ ನಾವು ಕೇಳೂದು, ಇದೀನಿ ಅಂತ ಅದು ಹೇಳೂದು. ಅಷ್ಟ."

ನನಗೆ ನಗು ಬಂತು. ಮೊಬೈಲು ಬಂದ ಹೊಸತರಲ್ಲಿ ನಮ್ಮವರ ಫ್ಯಾಕ್ಟರಿ ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್ಲಿಗೆ ಬಂದು ನಿಂತಾಗ ಅವರು ಮನೆಗೆ ಒಂದು ರಿಂಗು ಕೊಡುತ್ತಿದ್ದರು. ಎತ್ತಬಾರದು. ಅಂದರೆ ಬರ್ತಿದೀನಿ, ಹಾಲು ಒಲೆ ಮೇಲಿಡು ಅಂತ. ನಾನು ತಿರುಗಿ ಒಂದು ರಿಂಗು ಕೊಡಬೇಕು. ಅಂದರೆ ಇಟ್ಟೆ ಅಂತ. ಎಷ್ಟೋ ವರ್ಷ ಮಾತೇ ಆಡದೆ ದಿನಾ ಮಾತಾಡಿದ್ದೇವೆ.

ಪಿಂಗ್ ಒತ್ತಿದೆ. ನಮ್ಮವರು ಸಿಗುತ್ತಿಲ್ಲ ಎಂದು ಪರದೆ ಹೇಳಿತು. ಮತ್ತೆ ಒತ್ತಿದೆ. ಸಿಗುತ್ತಿಲ್ಲ. ಮಾರನೇ ದಿನ ಬೆಳಿಗ್ಗೆ ತಡೆಯಲಾರದೆ ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಚೂಟಿಯಾದ ಹುಡುಗಿ ಎತ್ತಿಕೊಂಡಳು.

"ಹೇಳಿ ಮೇಡಂ, ಏನ್ ಪ್ರಾಬ್ಲಮ್?"

"ನಮ್ಮವರು ಉತ್ತರ ಕೊಡ್ತಿಲ್ಲಮ್ಮ."

"ಯಾವಾಗಿಂದ ಮೇಡಂ?"

"ನೆನ್ನೆ ಸಂಜೆಯಿಂದ. ಆನ್ ಆಗೇ ಇದಾರೆ. ಮುಟ್ಟಿದ್ರೆ ಬೆಚ್ಚಗಿದಾರೆ. ಗುರ್ ಅಂತ ಸದ್ದೂ ಬರ್ತಿದೆ. ಕೂಗಿದ್ರೆ ಮಾತ್ರ ಉತ್ತರ ಇಲ್ಲ."

ಆ ಹುಡುಗಿ ಧ್ವನಿ ತಗ್ಗಿಸಿದಳು.

"ಮೇಡಂ, ವಯಸ್ಸೆಷ್ಟು?"

"ಹಳೇದೇ. ಎರಡು ಸಲ ಆಫ್ ಮಾಡಿ ಆನ್ ಮಾಡ್ದೆ."

"ಯಾರನ್ನ ಮೇಡಂ?"

"ನಮ್ಮವರನ್ನ. ಹಿಂದಿನ ವೈರು ಕಿತ್ತು ಮತ್ತೆ ಹಾಕ್ದೆ. ಬೆನ್ನಲ್ಲಿ ಗಲೀಜಿತ್ತು, ಬ್ರಷ್ ಹಾಕಿ ಉಜ್ಜಿದೀನಿ."

"ಮೇಡಂ, ನೀವು ಗಾಬರಿ ಆಗ್ಬೇಡಿ" ಎಂದಳು ಆ ಹುಡುಗಿ, ಅವಳ ಧ್ವನಿಯೇ ನಡುಗುತ್ತಿತ್ತು. "ನಾವು ಇಂಟರ್ನೆಟ್‌ನೋರು. ನೀವು ಮೊದ್ಲು ಆಂಬುಲೆನ್ಸ್‌ಗೆ ಫೋನ್ ಮಾಡಿ."

ಎಂಟನೇ ಸಾಲು

ತಪ್ಪು ಇದ್ದದ್ದು ನಾವು ಬರೆದ ಫೈಲಿನಲ್ಲಿ. ಅದು ಬಹಳ ಮಡಿವಂತ ಫೈಲು. ಪ್ರತಿ ಸಾಲಿನ ಎಡಗಡೆ ಇಂತಿಷ್ಟೇ ಖಾಲಿ ಜಾಗ ಬಿಡಬೇಕು. ಒಂದು ಹೆಚ್ಚಾದರೂ ಯಂತ್ರ ಊಟ ಬಿಟ್ಟು ಎದ್ದುಹೋಗುತ್ತದೆ.

ಒಂಬತ್ತನೇ ಸಾಲಿನಲ್ಲಿ ದೋಷ ಅಂತ ಪರದೆಯಲ್ಲಿ ಬಂತು. ಟೀಚರಮ್ಮ ಒಂಬತ್ತನೇ ಸಾಲನ್ನು ಅಳಿಸಿ ಅಳಿಸಿ ಆರು ಸಲ ಬರೆದಳು. ಆರು ಸಲವೂ ಒಂಬತ್ತನೇ ಸಾಲು ಅಂತಲೇ ಬಂತು. "ಈ ಚಾಪ್ಟರ್ ಆರ್ ವರ್ಷದಿಂದ ಹೇಳ್ಲಿಕತ್ತೀನ್ರಿ, ಮಕ್ಕಳು ಒಂದ್ ಡೌಟೂ ಕೇಳಿಲ್ಲ" ಎಂದು ಹಣೆ ಹಿಡಿದುಕೊಂಡಳು.

"ಏಳಮ್ಮ, ನಾನು ನೋಡ್ತೀನಿ."

ಹದಿನೈದು ಚುಕ್ಕಿಯ ರಂಗೋಲಿಯನ್ನು ಎಷ್ಟು ವರ್ಷ ಇಟ್ಟಿದ್ದೇನೆ. ಎಳೆ ಸೇರದಿದ್ದರೆ ತಪ್ಪು ಎಳೆಯಲ್ಲಿ ಇರುವುದಿಲ್ಲ, ಹಿಂದೆಲ್ಲೋ ಚುಕ್ಕಿ ಜರುಗಿರುತ್ತದೆ. ಪೆನ್ಸಿಲಿನ ತುದಿಯನ್ನು ಪರದೆಗೆ ಹಿಡಿದು ಮೊದಲನೇ ಸಾಲಿನಿಂದ ಒಂದೊಂದೇ ಖಾಲಿ ಜಾಗ ಎಣಿಸಿದೆ. ಎಂಟನೇ ಸಾಲಿನಲ್ಲಿ ಒಂದು ಜಾಗ ಹೆಚ್ಚಿತ್ತು. ತೆಗೆದೆ. ಪಿಂಗ್ ಒತ್ತಿದೆ.

ನಮ್ಮವರು ಉತ್ತರ ಕೊಟ್ಟರು. ಒಂದರ ಕೆಳಗೊಂದು, ಇದೀನಿ, ಇದೀನಿ, ಇದೀನಿ. ನನಗೆ ಅಭ್ಯಾಸಬಲ, ಎದ್ದು ಹೋಗಿ ಹಾಲು ಒಲೆ ಮೇಲಿಟ್ಟೆ.

ಕಾಫಿ ಕುಡಿಯುತ್ತಾ ಟೀಚರಮ್ಮ ಕೇಳಿದಳು, "ತಪ್ಪು ಎಂಟರಾಗ ಇದ್ರ, ಒಂಬತ್ತು ಅಂತ ಯಾಕ್ರೀ ಹೇಳ್ತು?"

"ಹೆಸರು ನಮ್ಮವರು ಅಂತ ಇಟ್ಟಿದೀವಲ್ಲಮ್ಮ" ಎಂದೆ. "ಅವರೂ ಸಾರಲ್ಲಿ ಉಪ್ಪು ಜಾಸ್ತಿ ಆದ್ರೆ ಪಲ್ಯದ ಮೇಲೆ ಗೊಣಗೋರು."

ಏಳು ಗಂಟೆ

ಹಳೆಯ ಡಿಸ್ಕನ್ನು ಒಳಗೆ ಕೂರಿಸಿದ್ದಾಯಿತು. ಮಧ್ಯಾಹ್ನ ಫೋನಿನಿಂದ ತೆರೆದು ನೋಡಿದೆ. ಧ್ವನಿಯ ಫೈಲುಗಳು ಸಾಲಾಗಿ, ದಿನಾಂಕದ ಸಮೇತ ಇದ್ದವು. ಹೆಬ್ಬೆರಳು ಮೊದಲನೆಯದರ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ. ಕೇಳಿದರೆ ಅಕ್ಕನ ಜೊತೆಗೇ ಕೇಳಬೇಕು ಎಂದು ಎದ್ದು ಅವರ ಕೋಣೆಗೆ ಹೋದೆ.

"ಸಿಕ್ಕಿದೆ ಅಕ್ಕ. ಈಗ ಹಾಕಲಾ?"

"ಈಗ ಗಂಟೆ ಎಷ್ಟು?"

"ಎರಡು."

"ಎರಡು ಗಂಟೆಗೆ ಪುಟ್ಟ ಫ್ಯಾಕ್ಟರೀಲಿರ್ತಾನೆ ಕಣೆ. ಏಳಕ್ಕೆ ಹಾಕು. ಅವನು ಆ ಕೋಣೇಲಿ ಕೂರ್ತಿದ್ದಿದ್ದು ಏಳಕ್ಕಲ್ವಾ?"

ನಿವೃತ್ತರಾಗಿ ಎಷ್ಟು ವರ್ಷವಾಯಿತು ಎಂದು ವಾದಿಸಬಹುದಿತ್ತು. ಅಕ್ಕನ ಹತ್ತಿರ ವಾದಿಸಿ ಗೆದ್ದ ದಾಖಲೆ ನನ್ನ ಪುಸ್ತಕದಲ್ಲಿಲ್ಲ.

ಏಳಕ್ಕೆ ಅಕ್ಕನ ಹಾಸಿಗೆಯ ಪಕ್ಕ ಕುರ್ಚಿ ಹಾಕಿ ಕೂತೆ. ಅಕ್ಕ ಕಿವಿಯ ಮೆಷೀನು ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದರು. ಫೋನು ತೆರೆದೆ. ಚಕ್ರ ಸುತ್ತುತ್ತಲೇ ಇತ್ತು. ಫೈಲು ಬರಲಿಲ್ಲ. ಲ್ಯಾಪ್‌ಟಾಪಿನಿಂದ ಪಿಂಗ್ ಮಾಡಿದೆ. ಇದೀನಿ ಎಂದರು. ಬಾಗಿಲು ಮಾತ್ರ ತೆಗೆಯಲಿಲ್ಲ.

"ಏನಂತೆ?" ಎಂದರು ಅಕ್ಕ.

"ಇದೀನಿ ಅಂತಾರೆ. ಬಾಗಿಲು ತೆಗೀತಿಲ್ಲ."

"ನಿನ್ನ ಮೇಲೆ ಏನಾದ್ರೂ ಕೋಪ ಇರಬೇಕು."

ಮಾರನೇ ದಿನ ಬೆಳಿಗ್ಗೆ ಸರಿ. ಸಂಜೆ ಏಳಕ್ಕೆ ಇಲ್ಲ. ಅದರ ಮಾರನೇ ದಿನವೂ ಹಾಗೇ. ಟೀಚರಮ್ಮ "ಪೆನ್‌ಡ್ರೈವಿನ್ಯಾಗ ಹಾಕಿ ಕೊಡ್ಲೇನ್ರಿ?" ಎಂದಳು. ಅವಳು ಹೇಳಿದ್ದೇ ಸರಿ, ಒಂದು ಗಳಿಗೆಯ ಕೆಲಸ. ಆದರೆ ಹಾಳೆಯ ಕೊನೆಯ ಸಾಲು ನನ್ನ ಕಣ್ಣ ಮುಂದಿತ್ತು. ಒಪ್ಪಿಕೊಳ್ಳಬೇಡ ಎಂದಿದ್ದರಲ್ಲ. ಅಕ್ಕನ ಕಿವಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದದ್ದೂ ನನಗೆ ಗೊತ್ತಿತ್ತು. ಬೆಳಿಗ್ಗೆ ಕುಕ್ಕರಿನ ಸೀಟಿ ಎಣಿಸುವುದು ಅವರ ಕೆಲಸ. ಆ ವಾರ ನಾಲ್ಕಾದ ಮೇಲೂ "ಇನ್ನೂ ಎರಡೇ" ಎಂದಿದ್ದರು.

ಹತ್ತು ದಿನದ ದಾಖಲೆ ತೆಗೆದು ಮುಂದಿಟ್ಟುಕೊಂಡೆ. ಏಳರಿಂದ ಒಂಬತ್ತೂವರೆ, ನಮ್ಮವರು ಬಾಗಿಲು ತೆಗೆಯುವುದಿಲ್ಲ. ಭಾನುವಾರ ಮಾತ್ರ ಸಂಜೆಯೂ ತೆಗೆದಿದ್ದಾರೆ. ಆ ಸಂಜೆ ಅಕ್ಕ ನನ್ನ ಹಿರಿಮಗಳ ಮನೆಯಲ್ಲಿದ್ದರು, ಅದು ನಮ್ಮ ಅದೃಷ್ಟ. ಏಳು ಗಂಟೆಗೆ ಏನು ಶುರುವಾಗುತ್ತದೆ? ಧಾರಾವಾಹಿ. ನಮ್ಮವರಿಗೆ ಧಾರಾವಾಹಿ ಎಂದರೆ ಆಗದು. ಟೀವಿಯಲ್ಲಿ ಶೀರ್ಷಿಕೆ ಹಾಡು ಬಂದ ತಕ್ಷಣ ಎದ್ದು ಆ ಕೋಣೆ ಸೇರುತ್ತಿದ್ದರು.

ಯಂತ್ರಕ್ಕೆ ಹೆಸರಿಡುವಾಗ ಸ್ವಲ್ಪ ಯೋಚನೆ ಮಾಡಬೇಕಿತ್ತು ಅನ್ನಿಸಿತು. ಬರೀ ಹೆಸರಿಟ್ಟಿದ್ದೆವು, ಬುದ್ಧಿ ಪೂರ್ತಿ ಬಂದುಬಿಟ್ಟಿತ್ತು.

ಟೀವಿಯೊಳಗೆ

ಮುಂದಿನದನ್ನು ಬರೆಯಲು ಸ್ವಲ್ಪ ಸಂಕೋಚ. ಆದರೂ ದಾಖಲೆ ಎಂದ ಮೇಲೆ ದಾಖಲೆ.

ಒಂದು ಸಂಜೆ, ಏಳೂಕಾಲು. ಬೇಸತ್ತು ನಮ್ಮವರನ್ನು ಪೂರ್ತಿ ಆರಿಸಿದೆ. ಗೋಡೆಯಿಂದ ಪ್ಲಗ್ಗು ಕಿತ್ತೆ. ಇನ್ನು ನಾಳೆ ಮೊದಲಿನಿಂದ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚುವ ಮುಂಚೆ, ಕೈ ಸುಮ್ಮನಿರದೆ ಪಿಂಗ್ ಒತ್ತಿತು.

ಇದೀನಿ, ಎಂದಿತು. ಇದೀನಿ. ಇದೀನಿ.

ಪ್ಲಗ್ಗು ನನ್ನ ಎಡಗೈಯಲ್ಲೇ ಇತ್ತು.

ಗಣಿತ ಓದಿದವಳು ಆಗ ಏನು ಮಾಡಬೇಕು? ಕಾರಣ ಹುಡುಕಬೇಕು. ನಾನು ಹುಡುಕಲಿಲ್ಲ. ಸೆರಗು ಸರಿ ಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾರಿಗೂ ಹೇಳಲಿಲ್ಲ. ಮರುದಿನವೂ ಏಳೂಕಾಲಿಗೆ ಕೋಣೆಯ ಬಾಗಿಲು ಮುಂದೆ ಮಾಡಿ, ಪ್ಲಗ್ಗು ಕಿತ್ತಿಟ್ಟು, ಒಂದು ರಿಂಗು ಕೊಟ್ಟೆ. ಇದ್ದರು. ಮೂರನೆಯ ದಿನ ಅಕ್ಕ ಬಾಗಿಲಲ್ಲಿ ನಿಂತು ಕೇಳಿದರು:

"ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ. ಕಂಪ್ಯೂಟರ್ ಮುಂದೆ ಕೂತಿದೀನಿ."

"ಅದಕ್ಯಾಕೆ ಮೈಸೂರು ಸಿಲ್ಕು?"

ನಾಲ್ಕನೆಯ ದಿನ ಟೀಚರಮ್ಮನನ್ನು ಕರೆದು ಪ್ಲಗ್ಗು ತೋರಿಸಿದೆ, ಪರದೆಯನ್ನೂ ತೋರಿಸಿದೆ. ಅವಳ ಮುಖ ಬಿಳುಚಿತು. ಆಮೇಲೆ ಏನೋ ಹೊಳೆದು, ಕೆಂಪಾಯಿತು. "ಒಂದ್ ನಿಮಿಷ ತಡೀರಿ" ಎಂದು ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಧಾರಾವಾಹಿಯ ಸದ್ದು ನಿಂತಿತು. ಇಲ್ಲಿ ನಮ್ಮವರೂ ನಿಂತರು.

ಅವಳು ಇಳಿದು ಬಂದು, ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದಳು: "ಅಮ್ಮಾರ, ನಿಮ್ಮನಿಯವ್ರು ನಮ್ಮ ಟೀವಿಯೊಳಗ ಅದಾರ್ರಿ."

ವಿಷಯ ಇಷ್ಟೇ. ನಮ್ಮ ಇಂಟರ್ನೆಟ್ಟನ್ನೇ ಮೇಲಿನ ಮನೆಗೂ ಹಂಚಿಕೊಂಡಿದ್ದೆವು. 142 ಎಂಬ ನಂಬರನ್ನು ನಾವು ಹಿಡಿದುಕೊಂಡ ಸುದ್ದಿ ಹೊಸ ರೂಟರಿಗೆ ಗೊತ್ತಿಲ್ಲ. ತನ್ನ ಪಾಡಿಗೆ ಅದೇ ನಂಬರನ್ನು ಅವರ ಟೀವಿಗೂ ಕೊಟ್ಟಿದೆ. ಟೀಚರಮ್ಮನ ತಾಯಿ ಏಳಕ್ಕೆ ಟೀವಿ ಹಾಕಿದರೆ, ನಾನು ಕೊಟ್ಟ ರಿಂಗನ್ನು ಟೀವಿ ಎತ್ತಿಕೊಳ್ಳುತ್ತಿತ್ತು. ಭಾನುವಾರ ಅವರು ಹೆಬ್ಬಾಳದ ದೊಡ್ಡ ಮಗಳ ಮನೆಗೆ ಹೋಗುತ್ತಿದ್ದರು, ಆದ್ದರಿಂದ ಭಾನುವಾರ ಎಲ್ಲ ಸರಿ. ನನಗೆ ಮೊದಲೇ ಅನುಮಾನ ಬರಬೇಕಿತ್ತು. ಕೇಳಿದ ಕ್ಷಣದಲ್ಲಿ ಉತ್ತರ ಬರುತ್ತಿತ್ತು. ನಮ್ಮವರು ಜನ್ಮದಲ್ಲಿ ಅಷ್ಟು ಬೇಗ ಉತ್ತರ ಕೊಟ್ಟವರಲ್ಲ.

ಸುದ್ದಿ ಕೇಳಿ ಟೀಚರಮ್ಮನ ತಾಯಿಯೂ ಇಳಿದು ಬಂದರು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು.

"ಅಯ್ಯ ನನ್ ಶಿವನ! ಹಂಗಾರ ಇಷ್ಟ್ ದಿನ ನಾ ನಿಮ್ ಯಜಮಾನ್ರ ಮುಂದ ಕಾಲ್ ಚಾಚ್ಕೊಂಡ್ ಕುಂತಿದ್ನ್ಯಾ?"

ಒಬ್ಬರು ನಂಬರು ಬಿಡಬೇಕು ಎಂದಳು ಟೀಚರಮ್ಮ. ಸರ್ವರಿನ ನಂಬರು ಬದಲಾಯಿಸುವುದು ಸುಲಭ, ರೂಟರು ಹಂಚುವುದು ನೂರರ ಮೇಲಿನವನ್ನು, ಒಳಗಿನದು ಕೊಟ್ಟರೆ ತಂಟೆಯೇ ಇಲ್ಲ.

"ಟೀವಿಗೆ ಬೇರೆ ಕೊಡಮ್ಮ" ಎಂದೆ. "ಸರ್ವೀಸಲ್ಲಿ ಇವರು ಸೀನಿಯರ್."

ರೂಟರಿನೊಳಗೆ ಹೋಗಿ 142 ನಮ್ಮವರದೇ, ಬೇರೆ ಯಾರಿಗೂ ಇಲ್ಲ ಎಂದು ಬರೆದುಬಿಟ್ಟೆವು. ಟೀವಿ ಆರಿಸಿ ಹಾಕಿದಾಗ ಅದಕ್ಕೆ 143 ಸಿಕ್ಕಿತು.

ಒಂದು ವಿಷಯ ಮಾತ್ರ ಪುಸ್ತಕದಲ್ಲಿ ಬರೆದಿಲ್ಲ, ಇಲ್ಲಿ ಹೇಳುತ್ತೇನೆ. ಆ ಮೂರು ಸಂಜೆ ನನಗೆ ಮೋಸವಾಯಿತು ಅಂತ ಅನ್ನಿಸಿಲ್ಲ.

ಎರಡು ನಿಮಿಷ

ಮಾರನೇ ಸಂಜೆ ಏಳು ಗಂಟೆ. ಮೇಲೆ ಧಾರಾವಾಹಿ ಶುರುವಾಯಿತು. ಕೆಳಗೆ ನಮ್ಮವರು ಇದ್ದರು, ಬಾಗಿಲೂ ತೆಗೆದರು. ಅಕ್ಕನ ಬಲಗಿವಿಯ ಪಕ್ಕ, ದಿಂಬಿನ ಮೇಲೆ ಫೋನು ಇಟ್ಟು, ಧ್ವನಿ ಪೂರ್ತಿ ಏರಿಸಿ, ಒತ್ತಿದೆ.

ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ಗಂಟಲು ಸರಿ ಮಾಡಿಕೊಂಡ ಸದ್ದು. ಅಷ್ಟಕ್ಕೇ ಅಕ್ಕ ನನ್ನ ಕೈ ಹಿಡಿದುಕೊಂಡರು.

"ಆಂ... ಇವತ್ತಿನ ವರದಿ" ಎಂದರು ನಮ್ಮವರು. "ಒಳಗೆ ಅವಳು ಧಾರಾವಾಹಿ ಹಾಕಿದಾಳೆ. ಆದ್ದರಿಂದ ನಾನಿಲ್ಲಿ ಕೂತಿದೀನಿ. ಆ ಸೊಸೆ ಹೋದ ವಾರ ಹತ್ತಿದ ಮೆಟ್ಟಿಲು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಉಪ್ಪಿಟ್ಟು ಇತ್ತು. ಚೆನ್ನಾಗಿತ್ತು ಅಂತ ಹೇಳಲಿಲ್ಲ, ಹೇಳಿದ್ರೆ ನಾಳೇನೂ ಅದೇ ಮಾಡ್ತಾಳೆ. ಅಕ್ಕ ಫೋನ್ ಮಾಡಿದ್ಲು, ಮಂಡಿ ನೋವಂತೆ. ಬಂದು ನಮ್ಮಲ್ಲೇ ಇರು ಅಂದೆ..."

ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರ್ಧ ಗಂಟೆಗೂ ಮಿಕ್ಕಿದ ವರದಿ. ಹಾಲಿನವನು ತಡವಾಗಿ ಬಂದದ್ದು, ಫ್ಯಾಕ್ಟರಿಯ ಹಳೇ ಗೆಳೆಯ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿ ಇವರನ್ನು ಬೇರೆ ಯಾರೋ ಎಂದುಕೊಂಡು ಹತ್ತು ನಿಮಿಷ ಮಾತಾಡಿಸಿದ್ದು, ಇವರೂ ಬೇಜಾರು ಮಾಡುವುದು ಬೇಡ ಎಂದು ಆ ಬೇರೆ ಯಾರೋ ಆಗಿಯೇ ಮಾತಾಡಿ ಬಂದದ್ದು, ಎಲ್ಲ ಇತ್ತು. ಅಕ್ಕ ನಗುವ ಜಾಗದಲ್ಲಿ ನಕ್ಕರು. ಒಂದು ಮಾತೂ ತಪ್ಪಿಹೋಗಿಲ್ಲ ಅಂತ ಅದರಿಂದಲೇ ಗೊತ್ತಾಯಿತು.

ಕೊನೆಗೆ, ಅವರ ಧ್ವನಿಯ ಹಿಂದೆ, ದೂರದ ಅಡುಗೆಮನೆಯಿಂದ ಒಂದು ಹೆಂಗಸಿನ ಕೂಗು ಕೇಳಿಸಿತು. ಗಟ್ಟಿ ಗಂಟಲು, ಸಿಡುಕು ಬೇರೆ.

"ರೀ, ಊಟಕ್ಕೆ ಬನ್ನೀ, ಸಾರು ಆರ್ತಿದೆ!"

ನನ್ನ ಧ್ವನಿ ನನಗೇ ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಅಕ್ಕನಿಗೆ ಬೇಕಾಗಲಿಲ್ಲ. ಕಣ್ಣು ತೆರೆದು, ದಿಂಬಿನ ಮೇಲಿನ ಫೋನನ್ನು ಗದರಿದರು:

"ಕೇಳಿಸಲ್ವೇನೋ ಪುಟ್ಟ? ಕರೀತಿದಾಳೆ ನೋಡು, ಏಳೋ!"

"ಬಂದೆ" ಎಂದರು ನಮ್ಮವರು. "ಎರಡು ನಿಮಿಷ."

ಅಷ್ಟಕ್ಕೆ ಮುಗಿಯಿತು. ನಾನು ಪುಸ್ತಕ ತೆರೆದು, ಗಡಿಯಾರ ನೋಡಿ, ಸಾಲು ಎಳೆದು ಬರೆದೆ:

"ಸಂಜೆ 7.46. ಊಟಕ್ಕೆ ಕರೆದೆ. ಎರಡು ನಿಮಿಷ ಎಂದಿದ್ದಾರೆ. ಇನ್ನೂ ಬಂದಿಲ್ಲ."